ಸರ್ಜಾ, ಕೆಂಚ್ಯಾ ಮತ್ತು ಕಟ್ಟಿಗೆಯ ಸೊಳ್ಳೆ

ಪೆಟ್ರೋಲಿಗೆ ಎಣ್ಣೆ ಬೆರೆಸಿ ಸುಟ್ಟ ವಾಸನೆ ನಿಮಗೆ ಗೊತ್ತಿರಬೇಕು. ಹಳೆಯ ಸ್ಕೂಟರಿನ ಹಿಂದೆ ನಿಂತವರಿಗೆ, ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವವರ ಪಕ್ಕ ಹಾದುಹೋದವರಿಗೆ ಅದು ಗೊತ್ತಿರುತ್ತದೆ. ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಈ ವಯಸ್ಸಿನಲ್ಲೂ ನಾಚಿಕೆಯಿಲ್ಲದೆ ಮೂಗರಳಿಸುತ್ತೇನೆ. ಹೋದ ವಾರ ಅವ್ವನ ವರ್ಷದ ಪೂಜೆಗೆಂದು ಕಾಗವಾಡದ ಹತ್ತಿರದ ತವರಿಗೆ ಹೋಗಿದ್ದೆ. ಪೂಜೆ ಈಗ ಎರಡು ಕಡೆ ಆಗುತ್ತದೆ. ಬೆಳಿಗ್ಗೆ ಅಣ್ಣನ ಮನೆಯಲ್ಲಿ, ಮಧ್ಯಾಹ್ನ ತಮ್ಮ ಸುಭಾಸನ ಮನೆಯಲ್ಲಿ. ಅರ್ಧ ಹೋಳಿಗೆಗೇ ಸಾಕೆನ್ನುತ್ತಿದ್ದ ನಮ್ಮವ್ವ ಈಗ ಒಂದೇ ದಿನ ಎರಡು ಎಡೆ ಉಣ್ಣಬೇಕು. ಸುಭಾಸನ ಪಕ್ಕ ಊಟಕ್ಕೆ ಕೂತಿದ್ದೆ. ಬೇಲಿಯಾಚೆಯ ತೋಟದಿಂದ ಆ ವಾಸನೆ ಬಂತು, ಅದರ ಹಿಂದೆಯೇ ಹುಲ್ಲು ಕತ್ತರಿಸುವ ಮಶಿನ್ನಿನ ಸದ್ದೂ ಬಂತು. ಬೇಲಿಯಾಚೆಯದು ಅಣ್ಣನ ತೋಟ. ಆ ಸದ್ದು ಕೆಂಚ್ಯಾನದು.

ಕೆಂಚ್ಯಾ ಎಂದರೆ ಒಂದು ಇಂಜಿನ್ನು. ಇಂಜಿನ್ನಿಗೆ ಎತ್ತಿನ ಹೆಸರೇ ಎಂದು ನಗಬೇಡಿ, ನಗುವ ಕಥೆ ಇದಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕಾಗುತ್ತದೆ, ಜೊತೆಗಿರಿ.

ಸುಭಾಸ ಕೊಲ್ಲಾಪುರದ ಕಾಲೇಜಿನಲ್ಲಿ ಓದುವಾಗ ಯಾರೋ ರಿಮೋಟಿನಿಂದ ಪುಟ್ಟ ವಿಮಾನ ಹಾರಿಸುವುದನ್ನು ನೋಡಿ ಬಂದ. ಅದೇ ಗುಂಗು ಹತ್ತಿತು. ಓದು ಮುಗಿಸಿ ಮನೆಗೆ ಬಂದು ತೋಟ ನೋಡಿಕೊಳ್ಳುತ್ತ, ಸಣ್ಣ ಸಣ್ಣ ವಿಮಾನ ಕಟ್ಟಿ, ಹಾರಿಸಿ, ಕೆಡವಿ, ಕೊನೆಗೆ ದೊಡ್ಡದಕ್ಕೇ ಕೈ ಹಾಕಿದ. ಹಳೆಯ ಮಹಾಯುದ್ಧದಲ್ಲಿ ಹಾರಿದ ಎರಡು ಇಂಜಿನ್ನಿನ ವಿಮಾನವದು, ಪೂರಾ ಕಟ್ಟಿಗೆಯದು, ಇಂಗ್ಲಿಷರು ಅದಕ್ಕೆ ಸೊಳ್ಳೆ ಎಂದು ಹೆಸರಿಟ್ಟಿದ್ದರಂತೆ. ನಾನೂ ಅಣ್ಣನೂ ಅಕ್ಕಪಕ್ಕ ನಿಂತು ಕೈ ಚಾಚಿದರೆ ಎಷ್ಟಾಗುತ್ತದೋ ಅದರ ರೆಕ್ಕೆ ಅಷ್ಟಗಲ. ಮನೆಯ ಯಾವ ಕೋಣೆಯಲ್ಲೂ ಹಿಡಿಯಲಿಲ್ಲ. ಒಣದ್ರಾಕ್ಷಿ ಮಾಡುವ ಶೆಡ್ಡು ಬೇಸಿಗೆ ಕಳೆದರೆ ಖಾಲಿ. ಅಲ್ಲಿ ದ್ರಾಕ್ಷಿ ಹರಡುವ ಜಾಳಿಗೆಯ ಮೇಲೆ ರೆಕ್ಕೆಯ ಪಕ್ಕೆಲುಬುಗಳು ಒಣಗತೊಡಗಿದವು. ಬಾಲ್ಸಾ ಎಂಬ ಆ ಕಟ್ಟಿಗೆ ಎಷ್ಟು ಹಗುರವೆಂದರೆ ಫ್ಯಾನು ಹಾಕಿದರೆ ಮಾಡಿಟ್ಟ ಕೆಲಸವೆಲ್ಲ ಹಾರಿಹೋಗುತ್ತಿತ್ತು. ಅವ್ವ ಚಹಾ ತಂದವಳು ನೋಡಿ, "ಊರಾಗ ಸೊಳ್ಳಿ ಕಡಿಮಿ ಆಗ್ಯಾವಂತ ಇದನ್ನೊಂದು ಮಾಡಾಕತ್ತೀರೇನ?" ಎಂದಳು.

ಅಣ್ಣ ಮೊದಲು ಇದರ ಗೊಡವೆಗೆ ಬಂದವನಲ್ಲ. ಅವನು ಓದಿದವನೂ ಅಲ್ಲ, ಓದಬೇಕೆಂದವನೂ ಅಲ್ಲ. ಅಪ್ಪನ ಜೊತೆ ಎತ್ತು ಹೊಡೆದು, ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಅದರ ಹೊಟ್ಟೆ ಬಗೆದು ಕಲಿತವನು. ಸುಭಾಸ ತಂದ ಇಂಜಿನ್ನುಗಳಲ್ಲಿ ಒಂದು ಹಠ ಹಿಡಿದು ಕೂತ ದಿನ ಅವನು ತಾನಾಗಿಯೇ ಶೆಡ್ಡಿನೊಳಗೆ ಬಂದ, ಲುಂಗಿ ಮೇಲೆ ಕಟ್ಟಿ ಕೂತ, ಆಮೇಲೆ ಏಳಲೇ ಇಲ್ಲ. ಹುಲ್ಲು ಕತ್ತರಿಸುವ ಎರಡು ಮಶಿನ್ನುಗಳ ಇಂಜಿನ್ನು ಬಿಚ್ಚಿ, ಅವನ್ನೇ ವಿಮಾನಕ್ಕೆ ಹೊಂದಿಸಿದ. ಅಂದಿನಿಂದ ರೆಕ್ಕೆ ತಮ್ಮನದು, ಇಂಜಿನ್ನು ಅಣ್ಣನದು. ಇಬ್ಬರೂ ಒಬ್ಬರ ಮೈ ಒಬ್ಬರು ತಾಕುತ್ತ ದಿನವಿಡೀ ಕೆಲಸ ಮಾಡುತ್ತಿದ್ದರು. ಸದಲಗಾದ ಗಂಡನ ಮನೆಯಿಂದ ನಾನು ಹಬ್ಬಕ್ಕೆ ಬಂದರೂ ಅವರಿಗೆ ಬೇಕಾದದ್ದು ನಾನಲ್ಲ, ನನ್ನ ಕಿವಿ.

ಇದನ್ನು ಹೇಳಲೇಬೇಕು, ಸ್ವಲ್ಪ ಬಡಾಯಿ ಎನಿಸಿದರೂ ಸರಿ. ಅವ್ವನ ಭಜನೆ ಮಂಡಳಿಯಲ್ಲಿ ಬೆಳೆದ ನನಗೆ ಯಾರ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಮುಖ ಕಿವುಚಿಕೊಳ್ಳುತ್ತದೆ. ಎರಡು ಇಂಜಿನ್ನು ಒಟ್ಟಿಗೆ ತಿರುಗುವಾಗ ಒಂದು ಚೂರು ಹೆಚ್ಚು, ಒಂದು ಚೂರು ಕಡಿಮೆಯಾದರೆ ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. "ಇನ್ನೂ ಜಗಳಾಡಾಕತ್ತಾವು" ಎನ್ನುತ್ತಿದ್ದೆ. ಅಣ್ಣ ಚೂರೇ ಚೂರು ಸ್ಕ್ರೂ ತಿರುವುತ್ತಿದ್ದ. ಮತ್ತೆ ಕೇಳಿ, ಮತ್ತೆ ತಿರುವಿ, ಯಾವುದೋ ಒಂದು ಗಳಿಗೆಗೆ ಆ ಏರಿಳಿತ ಇಲ್ಲವಾಗಿ ಎರಡೂ ಕೂಡಿ ಒಂದೇ ಸದ್ದಾಗುತ್ತಿತ್ತು. ಆಗ ಮೂವರೂ ಸುಮ್ಮನೆ ನಿಂತು ಕೇಳುತ್ತಿದ್ದೆವು. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಸದ್ದು ನಾನು ಕೇಳಿಲ್ಲ.

ಹೆಸರಿಟ್ಟವನು ಅಣ್ಣ. ನಮ್ಮ ಮನೆಯ ಕೊನೆಯ ಜೋಡಿಯಲ್ಲಿ ನೊಗದ ಎಡಕ್ಕೆ ಹೂಡುತ್ತಿದ್ದದ್ದು ಸರ್ಜಾ, ಬಲಕ್ಕೆ ಕೆಂಚ್ಯಾ. ವಿಮಾನದ ಎಡ, ಬಲ ಇಂಜಿನ್ನಿಗೂ ಅವೇ ಹೆಸರು. ಹೆಸರು ಬೇಕಾದದ್ದಕ್ಕೆ ಕಾರಣವಿತ್ತು. ವಿಮಾನ ನಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಎಡ ನಮಗೆ ಬಲವಾಗಿ ಕಾಣುತ್ತದೆ. ಹಾರಿಸುವವನು ಎಡ ಯಾವುದು, ಬಲ ಯಾವುದು ಎಂದು ಯೋಚಿಸುವಷ್ಟರಲ್ಲಿ ಅದು ನೆಲ ಕಂಡಿರುತ್ತದೆ. ಎತ್ತಿನ ಹೆಸರಿಗೆ ಆ ಗೊಂದಲವಿಲ್ಲ. ಹಾಗಾಗಿ ಊರಾಚೆಯ ಬೋಳು ಮಡ್ಡಿಯ ಮೇಲೆ ಹಾರಿಸುವಾಗ ಸುಭಾಸ ರಿಮೋಟು ಹಿಡಿಯುತ್ತಿದ್ದ, ಅವನ ಬಲಕ್ಕೆ ಅಣ್ಣ ನಿಲ್ಲುತ್ತಿದ್ದ, ನಾನು ಇಬ್ಬರ ನಡುವೆ ಒಂದು ಹೆಜ್ಜೆ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾವ ಇಂಜಿನ್ನು ತಪ್ಪಿತೆಂದು ಕೂಗಿ ಹೇಳಲು ಕಣ್ಣು ಮುಚ್ಚಿ ನಿಂತಿರುತ್ತಿದ್ದೆ. ಕುರಿ ಕಾಯುವವರು ನಮ್ಮನ್ನು ನೋಡಿ ಏನೆಂದುಕೊಂಡರೋ ದೇವರೇ ಬಲ್ಲ.

ಒಂದು ದಿನ ನಿಜಕ್ಕೂ ಬಂತು, ಒಂದು ಇಂಜಿನ್ನು ಗಾಳಿಯಲ್ಲೇ ನಿಲ್ಲುವ ಹೊತ್ತು. ವಿಮಾನ ದೂರದಲ್ಲಿತ್ತು, ಸದ್ದು ಒಮ್ಮೆ ಕೆಮ್ಮಿತು. "ಸರ್ಜಾ ನಿಂತ" ಎಂದೆ. ಇಂಥ ಹೊತ್ತಿನಲ್ಲಿ ಯಾರಿಗಾದರೂ ಬದುಕಿರುವ ಇಂಜಿನ್ನನ್ನು ಇನ್ನೂ ಜೋರು ಮಾಡಬೇಕೆನಿಸುತ್ತದೆ. ಮಾಡಿದರೆ ಮುಗಿಯಿತು, ನಿಂತದ್ದರ ಕಡೆಗೇ ಅದು ವಿಮಾನವನ್ನು ತಿರುಚಿ ಮಗುಚಿ ಹಾಕುತ್ತದೆ. ಸುಭಾಸನ ಎಡಗೈ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ತಟ್ಟನೆ ಕೆಳಗೆಳೆಯಿತು. ಕೆಂಚ್ಯಾ ತಗ್ಗಿದ. ವಿಮಾನ ಗಾಳಿಯಲ್ಲಿ ಜಾರುತ್ತ ಬಂದು ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿ ನಿಂತಿತು. ಇದೆಲ್ಲ ತಮ್ಮ ಪುಸ್ತಕದಲ್ಲಿ ಓದಿದ್ದ. ಅಣ್ಣ ಹೇಳಿದ್ದು ಇಷ್ಟೇ: "ಒಂದ ಎತ್ತ ಮುಗ್ಗರಿಸಿದ್ರ ಇನ್ನೊಂದರ ಹಗ್ಗಾ ಜಗ್ಗಬೇಕು. ಓಡಿಸಿದ್ರ ಬಂಡಿ ಮಗಚತೈತಿ."

ಇಷ್ಟು ತಿಳಿದ ಮನುಷ್ಯನಿಗೆ ಮನೆಯ ವಿಷಯದಲ್ಲಿ ಇದು ಯಾಕೆ ಹೊಳೆಯಲಿಲ್ಲವೋ. ಪುಸ್ತಕ ಓದಿದ ತಮ್ಮನಿಗಾದರೂ ಎಲ್ಲಿ ಹೊಳೆಯಿತು? ಅಪ್ಪ ತೀರಿದ ಮರುವರ್ಷ ಹೊಳೆ ಬತ್ತಿತು. ಪೈಪಿನಲ್ಲಿ ಬರುವ ಚೂರು ನೀರು ಮೊದಲು ಅಣ್ಣನ ಕಬ್ಬಿಗೋ, ತಮ್ಮನ ದ್ರಾಕ್ಷಿಗೋ ಎಂದು ಮಾತು ಹುಟ್ಟಿತು. ಒಬ್ಬ ದನಿ ಏರಿಸಿದಾಗ ಇನ್ನೊಬ್ಬ ತಗ್ಗಬೇಕಿತ್ತು, ಇಬ್ಬರೂ ಏರಿಸಿದರು. ಹಿರಿಯರು ಕೂಡಿ ಆಸ್ತಿಯ ವಾಟ್ನಿ ಮಾಡಿದರು. ತೋಟ ಎರಡಾಯಿತು, ಮನೆಯ ನಡುವೆ ಗೋಡೆ ಎದ್ದಿತು, ಜಾಳಿಗೆ, ಹಂಡೆ, ಕೊಡಲಿ ಎಲ್ಲ ಪಾಲಾದವು. ಕೊನೆಗೆ ಶೆಡ್ಡಿನಲ್ಲಿ ಉಳಿದದ್ದು ವಿಮಾನ. ಎಲ್ಲರೂ ಅದನ್ನೇ ನೋಡುತ್ತ ಕೂತಾಗ ನಮ್ಮ ಕಾಕಾ ಒಬ್ಬರು ಬಹಳ ಸುಲಭದ ದಾರಿ ಕಂಡವರಂತೆ ಹೇಳಿದರು: "ಇದಕ್ಯಾಕ ಇಷ್ಟ ವಿಚಾರ ಮಾಡ್ತೀರಿ? ಇಂಜಿನ್ ಎರಡ ಅದಾವು, ನೀವೂ ಇಬ್ಬರ ಅದೀರಿ."

ಕೂತವರು ನಕ್ಕರು. ಅಣ್ಣ ಬೇಡವೆನ್ನುತ್ತಾನೆಂದು ನಾನು ಅವನ ಮುಖ ನೋಡಿದೆ, ಅವನು ತಮ್ಮನ ಮುಖ ನೋಡುತ್ತಿದ್ದ, ತಮ್ಮ ನೆಲ ನೋಡುತ್ತಿದ್ದ. ಯಾರೂ ಬೇಡವೆನ್ನಲಿಲ್ಲ. ಅಣ್ಣನೇ ಪಾನಾ ತಂದು ಎರಡೂ ಇಂಜಿನ್ನು ಬಿಚ್ಚಿದ. ಕೆಂಚ್ಯಾ ಅವನಿಗೆ, ಸರ್ಜಾ ಸುಭಾಸನಿಗೆ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತವಳು ಒಳಗೆ ಹೋಗಿಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಹೆಣ್ಣುಮಗಳಾಗಿ ಆವರೆಗೆ ಏನೂ ಕೇಳದವಳು, ಉಳಿದ ಮೈ ನನಗೆ ಬೇಕು ಎಂದೆ. ಅದು ಬರೀ ಕಟ್ಟಿಗೆ ಎಂದರು. ಆ ಬರೀ ಕಟ್ಟಿಗೆಯನ್ನೇ ದ್ರಾಕ್ಷಿ ಸಾಗಿಸುವ ಟೆಂಪೋದಲ್ಲಿ ಹಾಸಿಗೆ ಹಾಸಿ ಮಲಗಿಸಿ ಸದಲಗಾಕ್ಕೆ ತಂದೆ. ನನ್ನ ಗಂಡ ಒಳ್ಳೆಯವರು, ಬಾಗಿಲಲ್ಲಿ ಅದನ್ನು ನೋಡಿ ಹಗ್ಗ ಹುಡುಕಲು ಹೋದರು. ಅಟ್ಟದ ಕೆಳಗೆ ಹಗ್ಗ ಕಟ್ಟಿ ತೂಗುಹಾಕಿದೆವು. ಇಂಜಿನ್ನಿದ್ದಲ್ಲಿ ಎರಡು ತೂತು. ಅವ್ವ ಕೊನೆಗಾಲದಲ್ಲಿ ನನ್ನಲ್ಲಿಗೆ ಬಂದಾಗ ಅದರ ಕೆಳಗೇ ಮಂಚ ಹಾಕಿಸಿಕೊಂಡಿದ್ದಳು. ಗಂಡುಮಕ್ಕಳು ಅವಳ ಹೆಣಕ್ಕೆ ಹೆಗಲು ಕೊಟ್ಟರು, ಒಬ್ಬ ಮುಂದೆ, ಒಬ್ಬ ಹಿಂದೆ. ಮಾತಾಡಲಿಲ್ಲ.

ಹೀಗೆ ಅವತ್ತು ಊಟಕ್ಕೆ ಕೂತಾಗ ಬೇಲಿಯಾಚೆ ಕೆಂಚ್ಯಾನ ಸದ್ದು. ವಾಟ್ನಿಯಾದ ಮೇಲೆ ಅಣ್ಣ ಅದನ್ನು ಮತ್ತೆ ಹುಲ್ಲಿನ ಮಶಿನ್ನಿಗೇ ಹಾಕಿಕೊಂಡಿದ್ದ. ದುಡಿದು ದುಡಿದು ಅದರ ದನಿ ಒಡೆದಿತ್ತು, ಆದರೂ ಅದೇ ದನಿ. ಕೇಳುತ್ತಿದ್ದಂತೆ ಅದು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು. ನನಗರಿವಿಲ್ಲದೆ ಬಾಯಿಂದ ಬಂತು: "ಕೆಂಚ್ಯಾ ನಿಂತ."

ಸುಭಾಸನ ಬಲಗೈ ಅನ್ನದಲ್ಲಿತ್ತು. ಎಡಗೈ ಮೊಣಕಾಲ ಮೇಲಿತ್ತು. ಆ ಎಡಗೈಯ ಹೆಬ್ಬೆರಳು ತಟ್ಟನೆ ಕೆಳಗೆ ಸರಿಯಿತು.

ನಾನು ನೋಡಿದ್ದನ್ನು ಅವನೂ ನೋಡಿದ. ತುತ್ತು ಬಿಟ್ಟು ಎದ್ದು ಒಳಗೆ ಹೋದವನು ಎಣ್ಣೆಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಮುಂದಿಟ್ಟ. ಬಿಚ್ಚುವುದೇ ಬೇಡ, ಅದು ಸರ್ಜಾ. ಇಷ್ಟು ವರ್ಷ ಒಮ್ಮೆಯೂ ಚಾಲೂ ಮಾಡದೆ ಇಟ್ಟುಕೊಂಡಿದ್ದ. ಅಣ್ಣನ ಮಶಿನ್ನಿನ ಕಾರ್ಬೋರೇಟರ್ ಹೋಗಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ, ಇದರದು ಅದಕ್ಕೆ ಕೂಡುತ್ತದೆ, ಬಿಚ್ಚಿ ಹಾಕಿಕೊಳ್ಳಲಿ ಎಂದ. "ಒಂದ ಇಟಗೊಂಡು ನಾ ಏನ್ ಮಾಡ್ಲಿ, ಅಕ್ಕಾ? ಒಯ್ದ ಕೊಡು." ನಾನು ಬಾಗಿಲು ದಾಟುವಾಗ ಹಿಂದಿನಿಂದ ಮೆಲ್ಲಗೆ ಕೇಳಿದ: "ರೆಕ್ಕಿಗೆ ಗೆದ್ದಲ ಹತ್ತಿಲ್ಲಲ್ಲ?"

"ಇಲ್ಲೋ, ಹಂಗ ಐತಿ" ಎಂದೆ.

ಹಂಗಿಲ್ಲ. ನಿಮಗೆ ಸುಳ್ಳು ಹೇಳುವುದಿಲ್ಲ. ಹೋದ ಮಳೆಗಾಲದಲ್ಲಿ ಧೂಳು ಒರೆಸುವಾಗ ಎಡ ರೆಕ್ಕೆಯೊಳಕ್ಕೆ ನನ್ನ ಬೆರಳು ಹೊಕ್ಕಿತ್ತು. ಮೇಲಿನ ಬಣ್ಣ ಹಾಗೇ ಇದೆ, ಒಳಗೆ ಬರೀ ಮಣ್ಣು. ಕಂಡ ದಿನ ಅಟ್ಟದ ಕೆಳಗೆ ಕೂತು ಅತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

ಅಣ್ಣ ಬದುವಿನ ಮೇಲೆ ಕೂತಿದ್ದ, ನಿಂತ ಮಶಿನ್ನು ಪಕ್ಕದಲ್ಲಿತ್ತು. ಸುಭಾಸ ಹೇಳಿದ್ದನ್ನು ಹೇಳಿ ಗಂಟು ಕೊಟ್ಟೆ. ಬಟ್ಟೆ ಬಿಚ್ಚಿದ, ಮೂಗಿನ ಹತ್ತಿರ ಹಿಡಿದ, ಬೆರಳಿನಿಂದ ತಿರುಗಿಸಿ ನೋಡಿದ. "ಚಲೋ ಇಟ್ಟಾನ" ಎಂದ. ಬಹಳ ಹೊತ್ತು ಅದನ್ನೇ ತಿರುಗಿಸುತ್ತಿದ್ದ. ಆಮೇಲೆ ಪಾನಾ ತೆಗೆದುಕೊಂಡ. ಸರ್ಜಾನ ಕಾರ್ಬೋರೇಟರ್ ಬಿಚ್ಚುತ್ತಾನೆಂದುಕೊಂಡೆ. ಅವನು ಬಿಚ್ಚಿದ್ದು ಕೆಂಚ್ಯಾನನ್ನು, ಮಶಿನ್ನಿನ ಕೋಲಿನಿಂದ. "ಇದನ್ನ ಮುರಿಯಾಕ ನನ್ನ ಕೈ ಬರೂದಿಲ್ಲ, ತಂಗೆವ್ವ. ಎರಡೂ ಒಯ್ಯಿ. ಅವುಗಳ ಮನ್ಯಾಗ ಅವು ಇರ್ಲಿ." ಅವನೂ ಅದನ್ನೇ ಕೇಳಿದ, ರೆಕ್ಕೆ ಹೇಗಿದೆ ಎಂದು. ಚೆನ್ನಾಗಿದೆ ಎಂದೆ. ಬೇಲಿಯ ಕಡೆ ತಿರುಗಿ ನೋಡಿದೆ, ಸುಭಾಸ ಮಾಳಿಗೆಯ ಮೇಲೆ ನಿಂತಿದ್ದ. ಕರೆದರೆ ಕೇಳುವಷ್ಟೇ ದೂರ. ಅಣ್ಣ ಕರೆಯಲಿಲ್ಲ.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಚೀಲ ಎತ್ತಿ ನೋಡಿ ಇಷ್ಟು ಭಾರ ಏನಿದೆ ಎಂದು ಕೇಳಿದ. ಎತ್ತು ಎಂದೆ. ಅವನು ನನ್ನ ಮುಖ ನೋಡಿ ಮುಂದಕ್ಕೆ ಹೋದ.

ಈಗ ನನ್ನ ಮನೆಯಲ್ಲಿ ಎಲ್ಲ ಇದೆ. ಮೈ ಇದೆ, ಎರಡು ಇಂಜಿನ್ನಿವೆ. ಒಂದು ದುಡಿದು ಸವೆದಿದೆ, ಒಂದು ಕೂತು ಕೂತು ಜಡ್ಡುಗಟ್ಟಿದೆ. ಅವನ್ನು ಕೂಡಿಸಲು ರೆಕ್ಕೆಯಿಲ್ಲ. ನಾಲ್ಕೈದು ದಿನ ಅವನ್ನು ನೋಡುತ್ತ ಕೂತೆ. ಒಬ್ಬನಿಂದ ಆಗುವ ಕೆಲಸವಲ್ಲ ಅದು, ರೆಕ್ಕೆ ಕಟ್ಟುವವನೂ ಬೇಕು, ಇಂಜಿನ್ನು ಕೂಡಿಸುವವನೂ ಬೇಕು. ನಿನ್ನೆ ಅಣ್ಣನಿಗೆ ಫೋನು ಮಾಡಿ, ಇಂಜಿನ್ನು ಎಲ್ಲಿ ಹೇಗೆ ಇಡಬೇಕೋ ತಿಳಿಯುತ್ತಿಲ್ಲ, ಭಾನುವಾರ ಬಾ ಎಂದೆ. ಸುಭಾಸನಿಗೂ ಅದನ್ನೇ ಹೇಳಿದೆ. ಒಬ್ಬನ ಸುದ್ದಿ ಇನ್ನೊಬ್ಬನಿಗೆ ಹೇಳಲಿಲ್ಲ. ಗೆದ್ದಲಿನ ಸುದ್ದಿ ಇಬ್ಬರಿಗೂ ಹೇಳಲಿಲ್ಲ. ಇಬ್ಬರೂ ಬರುತ್ತೇನೆ ಎಂದರು.

ನಾಳೆ ಭಾನುವಾರ. ಮೊದಲು ಬಂದವನ ಗಾಡಿಯನ್ನು ಹಿತ್ತಿಲಲ್ಲಿ ನಿಲ್ಲಿಸಲು ಗಂಡನಿಗೆ ಹೇಳಿಟ್ಟಿದ್ದೇನೆ, ಬಾಗಿಲಲ್ಲಿ ಕಂಡರೆ ಎರಡನೆಯವನು ತಿರುಗಿ ಹೋದಾನೆಂಬ ಭಯ. ವಿಮಾನ ಇಳಿಸಿ ಪಡಸಾಲೆಯಲ್ಲಿ ಇಟ್ಟಿದ್ದೇನೆ. ಕೈ ಇಟ್ಟ ಕೂಡಲೇ ಇಬ್ಬರಿಗೂ ತಿಳಿಯುತ್ತದೆ, ರೆಕ್ಕೆಯೂ ಹೋಯಿತು, ಅಕ್ಕನೋ ತಂಗಿಯೋ ಆದ ಇವಳು ಸುಳ್ಳೂ ಹೇಳಿದಳು ಎಂದು. ಬೈಯಲಿ. ಇಬ್ಬರೂ ಸೇರಿ ನನ್ನನ್ನು ಬೈದು ಎಷ್ಟು ವರ್ಷವಾಯಿತು. ಮೊದಲಿನ ಹಾಗೆ ಒಂದು ಹೆಜ್ಜೆ ಹಿಂದೆ, ಇಬ್ಬರ ನಡುವೆ, ಕಣ್ಣು ಮುಚ್ಚಿ ನಿಂತು ಕೇಳುತ್ತೇನೆ.