ಸ್ಟಾರ್ಟ್ ಆಗದ ಬೆಳಿಗ್ಗೆ

ನಮ್ಮ ಮಾವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ನಂಜನಗೂಡಿನ ಆಸ್ಪತ್ರೆಯಲ್ಲಿ ಬೆಳಿಗ್ಗೆ ಏಳಕ್ಕೆ ಅವರ ಸರದಿ. ಕಾಲು ಗಂಟೆ ಕಾಯುತ್ತಾರೆ, ಆಮೇಲೆ ಮೆಷಿನ್ನು ಮುಂದಿನವರಿಗೆ. ಜ್ವರ ಬಂದು ಒಂದು ಸರದಿ ಆಗಲೇ ತಪ್ಪಿಹೋಗಿತ್ತು. ಕಾಲು ಊದಿಕೊಂಡಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಇದೂ ತಪ್ಪಿದರೆ ಏನು ಗತಿ ಎಂದು ಡಾಕ್ಟರು ಬಿಡಿಸಿ ಹೇಳಿರಲಿಲ್ಲ, ನನಗೂ ಕೇಳುವ ಧೈರ್ಯವಿರಲಿಲ್ಲ.

ನನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟು. ಹಾಗಾಗಿ ಹೆಮ್ಮಿಗೆಯಿಂದ ಕಾರು ಓಡಿಸುವವಳು ನಾನೇ. ಕಾರು ಮಾವನದು, ಚೋಕ್ ಎಳೆದು ಎಬ್ಬಿಸಬೇಕಾದ ಹಳೇ ಪೆಟ್ರೋಲ್ ಗಾಡಿ. ಬೇಸಿಗೆಯಲ್ಲಿ ಹೇಳಿದ ಮಾತು ಕೇಳುತ್ತದೆ. ಧನುರ್ಮಾಸ ಬಂತೋ, ಹೊಸ ಅಳಿಯನ ಹಾಗೆ ಎಷ್ಟು ಕರೆದರೂ ಏಳುವುದಿಲ್ಲ.

ಅವತ್ತು ಐದೂವರೆಗೆ ಹೊಳೆ ಕಡೆಯಿಂದ ಮಂಜು ಬಂದು ಬೀದಿಯನ್ನೇ ಮುಚ್ಚಿತ್ತು. ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಚೋಕ್ ಎಳೆದು ಸೆಲ್ಫ್ ಹೊಡೆದೆ. ಎಂಜಿನ್ನು ಕೊರಕೊರ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ಹೊಡೆದೆ. ಐದನೇ ಸಲಕ್ಕೆ ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದು ನೋಡಿದೆ. ಅದೂ ಆಗಲಿಲ್ಲ.

ಬಾನೆಟ್ ಎತ್ತಿ ಮೊಬೈಲಿನ ಬೆಳಕು ಬಿಟ್ಟೆ. ಎಂಜಿನ್ನಿನ ಮೇಲೆಲ್ಲ ಒದ್ದೆ. ಇಬ್ಬನಿ ಅಂದುಕೊಂಡೆ. ಬ್ಯಾಟರಿಯ ತಲೆಯ ಮೇಲೆ ಬಿಳಿ ಪುಡಿ ಕಟ್ಟಿತ್ತು, ಅದನ್ನು ಕೆರೆದು ವೈರು ಬಿಗಿಮಾಡಿದೆ. ಸೆಲ್ಫ್ ಇನ್ನಷ್ಟು ಮೆತ್ತಗಾಯಿತು. ಬ್ಯಾಟರಿ ಇಳಿಯುತ್ತಿತ್ತು. ಪಕ್ಕದ ಮನೆಯ ಆಟೋ ಸೊಪ್ಪು ಹೇರಿಕೊಂಡು ಮೈಸೂರಿಗೆ ಹೋಗಿಯಾಗಿತ್ತು. ಮೊದಲ ಬಸ್ಸು ಬರುವುದು ಆರೂವರೆಗೆ, ಅದರಲ್ಲಿ ಮಾವ ನಿಲ್ಲುವುದಿರಲಿ, ಹತ್ತುವುದೂ ಆಗದ ಮಾತು.

ನನಗೆ ಭಯವಾದರೆ ಬಾಯಿ ಜೋರಾಗುತ್ತದೆ. ಇದು ಇಡೀ ಬೀದಿಗೆ ಗೊತ್ತು. ಕಾರಿಗೆ ಬೈದೆ, ಮನೆಯಲ್ಲಿಲ್ಲದ ಗಂಡನಿಗೆ ಬೈದೆ, ಶಾಲು ಹಿಡಿದು ನಿಂತಿದ್ದ ಅತ್ತೆಗೂ ಬಿಡಲಿಲ್ಲ. "ಸುಮ್ನೆ ನಿಂತ್ಕೊಂಡ್ರೆ ಗಾಡಿ ಸ್ಟಾರ್ಟ್ ಆಗುತ್ತಾ? ಓಗಿ, ಬಿಸಿನೀರಾದ್ರೂ ಕಾಯ್ಸ್ಕೊಂಡು ಬನ್ನಿ!" ಅತ್ತೆ ಒಳಗೆ ಓಡಿದರು.

ಅವರ ಸೆರಗು ಬಾಗಿಲು ದಾಟಿದ್ದೇ ತಡ, ಮಾವ ಕಿಟಕಿಯಿಂದ ಕೈಯಾಡಿಸಿ ಕರೆದರು. "ಆ ಡಿಸ್ಟ್ರಿಬ್ಯೂಟ್ರು ಮುಚ್ಳ ಬಿಚ್ಚವ್ವ. ಒಳ್ಗೆ ನೀರದೆ. ಒರ್ಸು. ಅವ್ಳು ಬರೋದ್ರೊಳ್ಗೆ."

ಎರಡು ಕ್ಲಿಪ್ಪು ತೆಗೆದು ಆ ಕಪ್ಪು ಮುಚ್ಚಳ ಬಿಚ್ಚಿದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಜಾಗ ಅದು, ಒಂದು ಹನಿ ಬಿದ್ದರೂ ಕಿಡಿ ಹಾರುವುದಿಲ್ಲ. ಮುಚ್ಚಳದ ಅಂಚು ಮುರಿದಿತ್ತು, ಒಳಗೆ ನೀರು ನಿಂತಿತ್ತು. ಜೊತೆಗೆ ಕರಗಿದ ವಿಭೂತಿ ಮತ್ತು ಬಿಲ್ವಪತ್ರೆಯ ಒಂದು ಚೂರು. ಇಬ್ಬನಿಯಲ್ಲಿ ಬಿಲ್ವಪತ್ರೆ ಇರುವುದಿಲ್ಲ. ಹಿಂದಿನ ಸಂಜೆ ನಮ್ಮ ಬೀದಿಯಲ್ಲೊಬ್ಬರ ಮನೆಗೆ ಮಠದ ಗುರುಗಳು ಬಂದಿದ್ದರು. ಪಾದಪೂಜೆ ಮುಗಿದ ಮೇಲೆ ಅತ್ತೆ ಒಂದು ಚೊಂಬು ಪಾದೋದಕ ತಂದಿದ್ದರು. ಕುಡಿದು ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ನಾನು ಕೇಳಿರಲಿಲ್ಲ.

ಸೆರಗಿನಲ್ಲಿ ಒರೆಸಿದೆ, ಬಾಯಿಂದ ಊದಿದೆ, ಮಾವನ ಮಫ್ಲರ್ ಇಸಿದುಕೊಂಡು ವೈರುಗಳನ್ನೂ ಉಜ್ಜಿದೆ. ಮುಚ್ಚಳ ಕೂರಿಸಿ ಕ್ಲಿಪ್ಪು ಹಾಕಿದೆ. ಬ್ಯಾಟರಿಯಲ್ಲಿ ಉಳಿದಿದ್ದು ಒಂದೇ ಒಂದು ಪ್ರಯತ್ನದ ಜೀವ. ಕೀ ತಿರುಗಿಸಿದೆ. ಎಂಜಿನ್ನು ಕೆಮ್ಮಿತು, ನಿಲ್ಲುವಂತಾಯಿತು, ಆಮೇಲೆ ಹಿಡಿದುಕೊಂಡಿತು.

ಬಿಸಿನೀರಿನ ಪಾತ್ರೆ ಹಿಡಿದು ಅತ್ತೆ ಬಂದರು. ಕಾರಿನ ಸದ್ದು ಕೇಳಿ ಪಾತ್ರೆಯನ್ನು ಜಗಲಿ ಮೇಲಿಟ್ಟು ಕೈಮುಗಿದರು. "ನೆನ್ನೆ ಪಾದೋದ್ಕ ಉಯ್ದಿದ್ದೆ ಕಣವ್ವ ಇಂಜಿನ್‌ಗೆ. ಗುರುಗ್ಳು ಕೈಬುಡ್ನಿಲ್ಲ ನೋಡು!"

ಬೈಯಲು ನನ್ನ ಬಾಯಿ ತೆರೆದಿತ್ತು. ಮಾವ ಗೇರಿನ ಮೇಲಿದ್ದ ನನ್ನ ಕೈಯನ್ನು ಅದುಮಿದರು. ಊದಿದ ಬೆರಳುಗಳು, ತಣ್ಣಗಿದ್ದವು. ನಾನು ಗಾಡಿ ಬಿಟ್ಟೆ.

ಟಿ. ನರಸೀಪುರ ದಾಟಿದೆವು. ಮಂಜಿನಲ್ಲಿ ಹತ್ತಡಿ ರಸ್ತೆ ಮಾತ್ರ ಕಾಣುತ್ತಿತ್ತು, ಮಾವನ ಉಸಿರು ಎಂಜಿನ್ನಿಗಿಂತ ಜೋರಾಗಿತ್ತು. ಕೊನೆಗೆ ತಡೆಯಲಾರದೆ ಕೇಳಿದೆ. "ಅವ್ರು ಉಯ್ಯದು ನೋಡಿದ್ರಾ ಮಾವ?"

"ನೋಡ್ದೆ. ಜಗ್ಲಿ ಮ್ಯಾಲೆ ಕೂತಿದ್ದೆ."

"ಮತ್ತೆ ಅದ್ನ ಮೊದ್ಲೇ ಯೋಳಬಾರ್ದಿತ್ತಾ? ಅರ್ಧ ಗಂಟೆ ಓಯ್ತಲ್ಲ!"

ಅವರು ಉಸಿರು ಕೂಡಿಸಿಕೊಂಡು ಹೇಳಿದರು. "ಅವ್ಳ ಮುಂದೆ ಯೋಳಿದ್ರೆ ನೀನು ಅವ್ಳ ಸುಮ್ನೆ ಬುಡ್ತಿದ್ದಾ? ನಿನ್ ಬಾಯ್ಗೆ ಎದರ್ಕಂಡೆ ಕಣವ್ವ."

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಉಸಿರು ಕಟ್ಟುವುದಕ್ಕಿಂತ ನನ್ನ ನಾಲಿಗೆಯೇ ಅವರಿಗೆ ಹೆಚ್ಚಿನ ಭಯವಾಗಿತ್ತು.

ಆಸ್ಪತ್ರೆ ಮುಟ್ಟಿದಾಗ ಏಳೂ ಇಪ್ಪತ್ತೈದು. ಮೆಷಿನ್ನು ಬೇರೆಯವರಿಗೆ ಹೋಗಿತ್ತು. ಮಾವನಿಗೆ ಆಮ್ಲಜನಕದ ನಳಿಗೆ ಹಾಕಿ, ಹನ್ನೊಂದಕ್ಕೆ ಒಂದು ಮೆಷಿನ್ನು ಖಾಲಿಯಾಗುತ್ತದೆ, ಅಲ್ಲಿಯವರೆಗೆ ನೋಡಿಕೊಳ್ಳುತ್ತೇವೆ ಎಂದು ನರ್ಸು ಹೇಳಿದರು. ನಾನು ಮಾವನ ಮಂಚದ ಪಕ್ಕ ಕೂತೆ. ಎಂಟು ಗಂಟೆಗೆ ಅತ್ತೆಯ ಫೋನು ಬಂತು.

"ಟೇಮ್‌ಗೆ ಓದ್ರಾ ಮಗ?"

"ಓದ್ವಿ ಅತ್ತೆ. ಏಳಕ್ಕೇ ಮೆಷಿನ್‌ಗೆ ಆಕುದ್ರು," ಎಂದೆ. ಮಾವನ ಉಸಿರು ಅವರಿಗೆ ಕೇಳಿಸದಿರಲೆಂದು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.