ಕೃಪಾಳಿಗೊಂದು ಕಾನ್ವೆಂಟ್

ಕಳೆದ ಬೇಸಿಗೆಯಲ್ಲಿ ನರ್ಸರಿ ಇಂಟರ್‌ವ್ಯೂ ಒಂದರಲ್ಲಿ ಫೇಲಾದದ್ದು ನನ್ನ ಮಗಳಲ್ಲ. ನಾನು.

ಮೊದಲಿಂದ ಹೇಳ್ತೀನಿ. ನಮ್ಮ ಕೃಪಾಳಿಗೆ ಮೂರು ತುಂಬಿತು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ. ಹೊರಗೆ ಹೊಸ ಮುಖ ಕಂಡರೆ ಸಾಕು, ನನ್ನ ದುಪಟ್ಟಾದೊಳಗೆ ಮಾಯ. ಜೂನ್‌ನಿಂದ ನಾನು ಮತ್ತೆ ಕೆಲಸಕ್ಕೆ ಹೋಗಲೇಬೇಕಿತ್ತು. ಇಂಥವಳನ್ನು ಯಾರ ಕೈಗೆ ಒಪ್ಪಿಸೋದು? ಅದೇ ಚಿಂತೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ನಮ್ಮತ್ತೆ ಸುವಾರ್ತಮ್ಮನವರದ್ದು ಮಾತ್ರ ಒಂದೇ ಹಟ. "ಕ್ರಿಶ್ಚಿಯನ್ ಸ್ಕೂಲಿಗೇ ಹಾಕ್ಬೇಕು. ಮಗು ಊಟಕ್ಕೆ ಮುಂಚೆ ಕೈಮುಗಿದು ಪ್ರಾರ್ಥನೆ ಮಾಡೋದು ಕಲೀಬೇಕು."

ನಾವು ಮುತ್ತಾತನ ಕಾಲದಿಂದ ಕ್ರೈಸ್ತರು. ಇದೇನು ಮಹಾ ಕೆಲಸ ಅಂದುಕೊಂಡೆ. (ನಗಬೇಡಿ.)

ಕೋಲಾರದಲ್ಲಿ 'ಕಾನ್ವೆಂಟ್' ಅನ್ನೋ ಬೋರ್ಡ್ ಇಲ್ಲದ ಬೀದಿ ತೋರಿಸಿ ನೋಡೋಣ! ನಾವು ಮೊದಲು ಹೋದದ್ದು ಸೇಂಟ್ ಗಂಗಾಧರ್ ಕಾನ್ವೆಂಟಿಗೆ. (ಹೆಸರು ಸ್ವಲ್ಪ ಬದಲಾಯಿಸಿದ್ದೀನಿ. ಬಹಳ ಅಲ್ಲ.) ಬೋರ್ಡಿನ ಮೇಲೆ ದೊಡ್ಡ ಶಿಲುಬೆ. ಒಳಗೆ ಗೋಡೆ ತುಂಬ ಮಿಕ್ಕಿ ಮೌಸ್.

"ಈ ಸೇಂಟ್ ಗಂಗಾಧರ್ ಯಾವ ಕಾಲದ ಸಂತರು ಸಾರ್?" ಅಂತ ಅತ್ತೆ ಭಕ್ತಿಯಿಂದಲೇ ಕೇಳಿದರು.

"ನಮ್ಮ ತಂದೆಯವ್ರು," ಅಂದರು ಮಾಲೀಕರು. "ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ರು. ಜೀವನದಲ್ಲಿ ಒಂದು ಬೀಡಿ ಮುಟ್ಟಿದವ್ರಲ್ಲ."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಧೈರ್ಯ ಮಾಡಿ, "ಪ್ರಾರ್ಥನೆ ಹೇಳಿಸ್ತೀರಾ?" ಅಂದರು.

"ಹೇಳಿಸ್ದೆ ಇರ್ತೀವಾ ಅಮ್ಮಾ? ನಿಮಗ್ಯಾವ್ದು ಬೇಕು ಹೇಳಿ!"

ಹೋಟೆಲಿನಲ್ಲಿ ತಿಂಡಿ ಏನಿದೆ ಅಂದಾಗ ಬರುವ ಅದೇ ಉತ್ಸಾಹ. ಅಲ್ಲಿಂದ ಎದ್ದೆವು.

ಎರಡನೆಯದು ಅಸಲಿ. ಸಿಸ್ಟರ್‌ಗಳೇ ನಡೆಸುವ ದೊಡ್ಡ ಶಾಲೆ. ಇಂಟರ್‌ವ್ಯೂಗೆ ಅಪ್ಪ ಅಮ್ಮ ಇಬ್ಬರೂ ಬರಬೇಕು ಅಂತ ರೂಲು. ಮಾಲೂರಿನ ಫ್ಯಾಕ್ಟರಿಯಲ್ಲಿರುವ ನನ್ನ ಗಂಡ ಸುಧಾಕರ್ ರಜ ಹಾಕಿ, ಮದುವೆ ಶೂ ಹಾಕಿಕೊಂಡು ಬಂದ.

ವರಾಂಡಾದಲ್ಲಿ ಪಕ್ಕದ ಬೆಂಚಿನಲ್ಲಿ ಹೋಳೂರಿನ ದಂಪತಿ. ರೇಷ್ಮೆ ಬೆಳೆಯುವವರು. ಅವರ ಮಗನ ಕತ್ತಿಗೆ ಆಗಲೇ ಟೈ.

"ನೀವು ಕ್ರಿಶ್ಚಿಯನ್ಸಾ ಅಕ್ಕಾ? ಬಿಡಿ, ನಿಮಗೆ ಸೀಟು ಗ್ಯಾರಂಟಿ," ಅಂತ ಆ ಗಂಡಸು ನಿಟ್ಟುಸಿರು ಬಿಟ್ಟು, ಕರ್ಚೀಫು ಒದ್ದೆ ಮಾಡಿಕೊಂಡು ಹಣೆಯ ವಿಭೂತಿ ಒರೆಸಿಕೊಳ್ಳತೊಡಗಿದ.

"ಅಯ್ಯೋ, ಯಾಕಪ್ಪಾ ಅಳಿಸ್ತೀಯಾ? ಲಕ್ಷಣವಾಗಿತ್ತು," ಅಂದರು ಅತ್ತೆ.

ಒಳಗೆ ಸಿಸ್ಟರ್ ನಗುತ್ತಲೇ ಇದ್ದರು. ಬೈಬಲ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. (ನಾನು ರಾತ್ರಿಯೆಲ್ಲ ಓದಿಕೊಂಡಿದ್ದೆ.) ಇಂಗ್ಲಿಷಿನಲ್ಲಿ ನಿಮ್ಮ ಕುಟುಂಬವನ್ನು ಪರಿಚಯಿಸಿ ಅಂದರು. ಅಷ್ಟೇ. ವಾರಾವಾರ ನಿಮ್ಮೆದುರು ಇಷ್ಟುದ್ದ ಬರೆಯುವ ನಾನು ಗಂಡನ ಕಡೆ ಕೈ ತೋರಿಸಿ ಹೇಳಿದೆ: "ದಿಸ್ ಈಸ್ ಸುಧಾಕರ್. ತ್ರೀ ಇಯರ್ಸ್ ಓಲ್ಡ್. ಟಾಯ್ಲೆಟ್ ಟ್ರೇನಿಂಗ್ ಈಸ್ ಗೋಯಿಂಗ್ ಆನ್."

ಸುಧಾಕರ್ ಶೂ ನೋಡುತ್ತಾ ಕೂತ. ತಿದ್ದಲೂ ಇಲ್ಲ, ಪುಣ್ಯಾತ್ಮ.

ಸಿಸ್ಟರ್ ಕೃಪಾಳ ಕಡೆ ಬಗ್ಗಿ ಹೆಸರು ಕೇಳಿದರು. ದುಪಟ್ಟಾದೊಳಗಿಂದ ಬಂದ ಉತ್ತರ: "ಮೇರೆಕು ಘರ್‌ಕು ಜಾನಾ." ಪಕ್ಕದ ಮನೆ ಶಾಹೀನಾ ಆಪಾ ಮಡಿಲಲ್ಲಿ ಬೆಳೆದ ಮಗು, ಇನ್ನೇನು ಹೇಳುತ್ತೆ? ಅದೂ ನಾಟದಿದ್ದಾಗ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿ ತೆಲುಗಿನಲ್ಲಿ, "ಪೋದಾಂ ಪಾ!" ಎರಡು ಭಾಷೆಯಲ್ಲಿ ಮನೆಗೆ ಹೋಗೋಣ ಅಂದಳು. ಇಂಗ್ಲಿಷಿನಲ್ಲಿ ಅನ್ನಲಿಲ್ಲ.

ಸೀಟು ಸಿಕ್ಕಿದ್ದು ಹೋಳೂರಿನ ಟೈ ಹುಡುಗನಿಗೆ.

ಆ ಸಂಜೆ ನಾನು ಅತ್ತುಬಿಟ್ಟೆ. ಶಾಹೀನಾ ಆಪಾ ಚಹಾ ಕೊಟ್ಟು ಕೇಳಿದರು, "ಆ ಹಳೇ ಚರ್ಚ್ ಹಿಂದೆ ರೂತ್ ಟೀಚರ್ ಇಲ್ವಾ? ನಮ್ಮ ಇಮ್ರಾನ್ ಕಲ್ತಿದ್ದು ಅಲ್ಲೇ. ನಿಮಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಕ್ರೈಸ್ತರಿಗೆ ಕ್ರೈಸ್ತ ಶಾಲೆಯ ವಿಳಾಸ ಕೊಡಲು ಶಾಹೀನಾ ಆಪಾನೇ ಬೇಕಾಯಿತು.

ಹೋದೆವು. ಒಂದು ಕೋಣೆ, ಚಾಪೆ, ಮಣ್ಣಿನ ಅಂಗಳ. ಮಕ್ಕಳು ಡಬ್ಬಿ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಕನ್ನಡದಲ್ಲಿ ಪ್ರಾರ್ಥನೆ ಹೇಳುತ್ತಿದ್ದವು. ಕೊನೆಗೆ ಕೆಲವರು "ಆಮೆನ್" ಅಂದರು. ಕೆಲವರು "ಆಮೀನ್" ಅಂದರು. ಮೂಲೆಯಲ್ಲಿದ್ದ ಬೋಳುತಲೆಯ ಹುಡುಗಿಯೊಬ್ಬಳು, ತಿರುಪತಿಗೆ ಹೋಗಿಬಂದಿದ್ದಳೇನೋ, "ಗೋವಿಂದಾ ಗೋವಿಂದ" ಅಂತ ಮುಗಿಸಿದಳು.

"ಆಯ್ತು, ದೇವರಿಗೆ ಕೇಳಿಸ್ತು. ಡಬ್ಬಿ ತೆಗೀರಿ," ಅಂದರು ರೂತ್ ಟೀಚರ್.

ಅತ್ತೆ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ನಾನು ಸಿಲಬಸ್ ವಿಚಾರಿಸೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ದುಪಟ್ಟಾ ಹಗುರಾಯಿತು. ತಿರುಗಿ ನೋಡಿದರೆ ಕೃಪಾ ಇಲ್ಲ! ಅಂಗಳದಲ್ಲಿ ಟೀಚರ್ ಸಾಕಿದ್ದ ಕೋಳಿಯೊಂದರ ಹಿಂದೆ ಓಡುತ್ತಿದ್ದಾಳೆ. ಆ ಬೋಳುತಲೆಯ ಹುಡುಗಿ ಊಟ ಬಿಟ್ಟು ಬಂದು, "ಆ ಕಡೆಯಿಂದ ಅಡ್ಡ ಹಾಕೇ!" ಅಂತ ಕೂಗಿದಳು. ಹೊಸ ಮುಖ. ಹೊಸ ಜಾಗ. ನನ್ನ ಮಗಳು ಅಡ್ಡ ಹಾಕಿದಳು.

ಅಲ್ಲಿಗೆ ತೀರ್ಮಾನವಾಯಿತು.

ನಂಟರ ಫೋನ್ ಶುರುವಾಯಿತು. ಸ್ಮಾರ್ಟ್ ಕ್ಲಾಸ್ ಇದೆಯಾ? ಎಸಿ ವ್ಯಾನ್ ಇದೆಯಾ? ಸುಧಾಕರನ ಚಿಕ್ಕಪ್ಪನಂತೂ ಗಂಭೀರವಾಗಿ, "ಸಿಬಿಎಸ್‌ಇನಾ, ಐಸಿಎಸ್‌ಇನಾ?" ಅಂದರು.

"ನಾಟಿ ಕೋಳಿ," ಅಂದೆ.

ಅವರು ಅಷ್ಟೇ ಗಂಭೀರವಾಗಿ, "ಒಳ್ಳೇದಾ?" ಅಂದರು.

ಜೂನ್‌ನ ಮೊದಲ ದಿನ. ಗೇಟಿನ ಬಳಿ ಎಲ್ಲರ ಮಕ್ಕಳೂ ಆಕಾಶ ಬೀಳುವಂತೆ ಅಳುತ್ತಿದ್ದವು. ಕೃಪಾ ಟಾಟಾ ಕೂಡ ಮಾಡದೆ ಒಳಗೆ ಹೋದಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸುಧಾಕರ್ ಕಣ್ಣಿಗೆ ಧೂಳು ಬಿತ್ತು ಅಂದ. ನಾನು ಯಾವ ನೆಪವನ್ನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ರೂತ್ ಟೀಚರ್ ಹೊರಗೆ ಬಂದು ನಮ್ಮನ್ನು ನೋಡಿದರು. "ಮಗು ಆರಾಮಾಗಿದೆ. ನೀವು ಮನೆಗೆ ಹೋಗ್ತೀರಾ, ಇಲ್ಲಾ ನಿಮಗೂ ಒಳಗೆ ಚಾಪೆ ಹಾಕ್ಲಾ?"

ಅಲ್ಲಾ, ನರ್ಸರಿ ಬೇಕಾಗಿದ್ದದ್ದು ಯಾರಿಗೆ?