ಆಚೆಮನೆ ಅಕ್ಕನ ಕತ್ತಿ

ಮೊನ್ನೆ ಅಟ್ಟ ಗುಡಿಸುವಾಗ ಹಳೇ ಗೋಣಿಯೊಳಗೆ ಒಂದು ಕತ್ತಿಕೊಕ್ಕೆ ಸಿಕ್ಕಿತು. ಸೊಂಟದ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಕತ್ತಿ ಸಿಕ್ಕಿಸುವ ಮರದ ತುಂಡು. ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ, ಬೆವರು, ಸೊಪ್ಪಿನ ಕಹಿ... ಆಚೆಮನೆ ಅಕ್ಕನದೇ.

ಸ್ವಂತ ಅಕ್ಕ ಅಲ್ಲ. ಕೆರೆಕಟ್ಟೆ ಊರಿನಲ್ಲಿ ನಮ್ಮ ಬೇಲಿಯ ಆಚೆ ಅವಳ ಮನೆ. ಇಬ್ಬರೂ ಕೂಲಿಗೆ ಹೋಗುತ್ತಿದ್ದೆವು. ಬಾಯಿ ಜೋರು, ಕೈ ಇನ್ನೂ ಜೋರು. ಬೆಳಿಗ್ಗೆ ಮುಖ ತೊಳೆಯುವುದು ತಪ್ಪಿದರೂ ಕೊಕ್ಕೆ ಕಟ್ಟುವುದು ತಪ್ಪುತ್ತಿರಲಿಲ್ಲ. ಒಮ್ಮೆ ಮದುವೆಮನೆಗೂ ಕಟ್ಟಿಕೊಂಡೇ ಹೊರಟಿದ್ದಳು. ನಾನೇ ಬೈದು ಬಿಚ್ಚಿಸಿದೆ.

ಆ ವರ್ಷಗಳಲ್ಲಿ ಕಾಡಂಚಿನ ನಮ್ಮಂಥವರನ್ನು ಮನೆ ಬಿಡಿಸುತ್ತಾರೆ ಎಂದು ಗಲಾಟೆ ಎದ್ದಿತ್ತು. ಕೊಪ್ಪದಲ್ಲಿ ರಸ್ತೆ ತಡೆ ಎಂದರು. ಕರೆದೊಯ್ಯುವ ಲಾರಿ ಬಂದಾಗ ನಾವು ಸೊಪ್ಪು ಕೊಯ್ಯುತ್ತಿದ್ದೆವು. ಹಾಗೇ ಹತ್ತಿದೆವು. ನಾನು ನನ್ನ ಕತ್ತಿಯನ್ನು ಹೊರೆಯೊಳಗೆ ಸಿಕ್ಕಿಸಿ ಬಂದಿದ್ದೆ. ಅವಳದು ಸೊಂಟದಲ್ಲೇ ಇತ್ತು. ಇದೆ ಎನ್ನುವುದೇ ಅವಳಿಗೆ ನೆನಪಿರಲಿಲ್ಲ. ಮೂಗಿನಲ್ಲಿ ಮೂಗುತಿ ಇದೆ ಎಂದು ಯಾರಿಗೆ ನೆನಪಿರುತ್ತದೆ?

ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆಯಲ್ಲಿ ಕೂತು ಕೂಗಿದೆವು. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು. ಜಾಮೀನು ಸಿಕ್ಕಿತು, ಕೇಸು ಬಿಡಲಿಲ್ಲ. ರಸ್ತೆ ತಡೆದದ್ದು ಒಂದು, ಆಯುಧ ತಂದು ಬೀಸಿದ್ದು ಇನ್ನೊಂದು. ಆಯುಧ ಎಂದರೆ ಆ ಗಲಾಟೆಯಲ್ಲಿ ಪೊಲೀಸರು ಕಿತ್ತುಕೊಂಡ ಅಕ್ಕನ ಕತ್ತಿ. ಬೀಸಿದವರು ಯಾರೆಂದು ರುಜುವಾದರೆ ಅವರಿಗೆ ಜೈಲೇ ಎಂದರು ನಮ್ಮ ವಕೀಲರು. "ಕೋರ್ಟಲ್ಲಿ ಯಾರೂ ಬಾಯಿ ಬಿಡಬೇಡಿ. ನಾನು ನೋಡ್ಕೋತೀನಿ."

ವಾಯಿದೆಯ ಮೇಲೆ ವಾಯಿದೆ. ಕೂಲಿ ಬಿಟ್ಟು ಕೊಪ್ಪದ ಕೋರ್ಟಿನ ಜಗಲಿಯಲ್ಲಿ ವರ್ಷಗಟ್ಟಲೆ ಕೂತೆವು. ಅವಳು ಮೂರನೇ ಆರೋಪಿ, ನಾನು ನಾಲ್ಕನೆಯವಳು. "ಶಾಲೆ ಮೆಟ್ಲು ಹತ್ದೆ ಮೂರನೇ ರ‍್ಯಾಂಕ್ ಬಂತು ಮಾರಾಯ್ತಿ! ನೀ ಹಿಂದೆ ಬಿದ್ದೆ" ಎಂದು ನಗುತ್ತಿದ್ದಳು.

ಸಾಕ್ಷಿಯ ಹಿಂದಿನ ಸಂಜೆ ಮಾತ್ರ ನಗಲಿಲ್ಲ. ಬೇಲಿ ಹತ್ತಿರ ಬಂದು, "ನನ್ನ ಒಳಗೆ ಹಾಕಿದ್ರೆ ದನದ ಹಾಲು ನೀನೇ ಕರ್ಕೋ. ಒದೀತದೆ, ಹುಷಾರು" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಪೊಲೀಸಿನವ ಸಾಕ್ಷಿಗೆ ನಿಂತ. ಅರಗಿನ ಮುದ್ರೆ ಒಡೆದು, ಬಟ್ಟೆಯ ಗಂಟು ಬಿಚ್ಚಿ ಕತ್ತಿ ತೋರಿಸಿದರು. ಮೈಯೆಲ್ಲ ಕೆಂಪು ತುಕ್ಕು. "ಇದನ್ನೇ ಬೀಸುತ್ತಿದ್ದರು" ಎಂದ. ಯಾರು ಎಂದು ಕೇಳಿದರೆ ಸಾಲಿನುದ್ದಕ್ಕೂ ನೋಡಿದ. ಗುರುತು ಹತ್ತಲಿಲ್ಲ. ವಕೀಲರ ಮುಖ ಅರಳಿತು. ಅಷ್ಟರಲ್ಲಿ ನನ್ನ ಪಕ್ಕದಿಂದ...

"ಅಯ್ಯೋ, ನಿಮ್ಮ ಕೈ ಸೇದ್ಹೋಗ! ಒಂದು ಹನಿ ಎಣ್ಣೆ ಹಚ್ಚೋಕಾಗ್ಲಿಲ್ವ? ನನ್ನ ಕತ್ತಿ ಮಣ್ಣಾಯ್ತಲ್ಲ!"

ವಕೀಲರು ತಲೆಯ ಮೇಲೆ ಕೈ ಇಟ್ಟುಕೊಂಡರು. ನಾನು ಅವಳ ಸೆರಗು ಜಗ್ಗಿದೆ. ಕೊಡವಿಕೊಂಡಳು.

"ನಿಮ್ಮದೇನಮ್ಮ?" ಎಂದರು ಜಡ್ಜ್ ಸಾಹೇಬರು.

"ಮತ್ಯಾರದ್ದು ಸ್ವಾಮಿ? ಹಿಡಿ ನಾನೇ ಹಾಕ್ಸಿದ್ದು."

"ಅಲ್ಲಿಗೆ ಯಾಕೆ ತಂದಿದ್ರಿ?"

"ತರೋದೆಂಥ? ಇಲ್ಲಿತ್ತು" ಎಂದು ಸಾಹೇಬರಿಗೇ ಬೆನ್ನು ತಿರುಗಿಸಿ ನಿಂತಳು. ಕೋರ್ಟಿಗೆ ಬರುವಾಗ ಕತ್ತಿ ಬಿಟ್ಟು ಬರುವುದನ್ನು ಕಲಿತಿದ್ದಳು, ಕೊಕ್ಕೆ ಬಿಡುವುದನ್ನು ಕಲಿತಿರಲಿಲ್ಲ. "ಇವ್ರು ಹಿಂದಿಂದ ಬಂದು ಎಳ್ಕೊಂಡ್ರು. ನಾ ಬೀಸ್ತಿದ್ರೆ ಹತ್ರ ಬರ್ತಿದ್ರಾ, ಕೇಳಿ."

ವಕೀಲರು ಎದ್ದು ಅದನ್ನೇ ಕೇಳಿದರು. ಪೊಲೀಸಿನವ ಕತ್ತಿ ನೋಡಿದ, ಅವಳ ಕೊಕ್ಕೆ ನೋಡಿದ. "ಸೊಂಟದಲ್ಲೇ ಇತ್ತು ಸ್ವಾಮಿ" ಎಂದು ಕಡೆಗೆ ಒಪ್ಪಿದ.

ಆಯುಧದ ಕೇಸು ಬಿದ್ದುಹೋಯಿತು. ತೀರ್ಪಿನ ದಿನ ಉಳಿದ ನಮ್ಮನ್ನೆಲ್ಲ ಬಿಟ್ಟರು. ಅಲ್ಲಿದ್ದೆ ಎಂದು ಬಾಯಾರೆ ಒಪ್ಪಿದವಳು ಅಕ್ಕ ಒಬ್ಬಳೇ. ರಸ್ತೆ ತಡೆದದ್ದಕ್ಕೆ ಅವಳಿಗೊಬ್ಬಳಿಗೇ ಶಿಕ್ಷೆ. ಅವತ್ತು ಕೋರ್ಟು ಏಳುವ ತನಕ ಒಳಗೆ ಕೂತಿರಬೇಕು. ಕೂತಳು. ಗೋಡೆಗೆ ಒರಗಿ ಗೊರಕೆ ಹೊಡೆದಳು. ಸಂಜೆ ಎಬ್ಬಿಸಿದಾಗ ಕೇಳಿದ್ದು ಒಂದೇ.

"ನನ್ನ ಕತ್ತಿ?"

ಅದು ಇನ್ನು ಸರ್ಕಾರದ್ದು ಎಂದರು ಗುಮಾಸ್ತರು.

"ಸರ್ಕಾರ ಎಂಥ, ಸೊಪ್ಪು ಕೊಯ್ತದಾ?"

ಬಸ್ಸು ಶೃಂಗೇರಿ ಮುಟ್ಟುವ ತನಕ ಅದನ್ನೇ ಗೊಣಗಿದಳು. ಆಮೇಲೆ ನನ್ನ ತೊಡೆ ಚಿವುಟಿ, "ರ‍್ಯಾಂಕ್ ಬಂದೋಳೇ ಫೇಲಾದೆ, ನೀ ಪಾಸು" ಎಂದಳು. ಬೇರೆ ಎಷ್ಟು ಕತ್ತಿ ತಂದರೂ ಅವಳ ಕೈಗೆ ಒಗ್ಗಲಿಲ್ಲ. ಒಂದನ್ನೂ ಹೊಗಳಲಿಲ್ಲ.

ಕೆಲವು ಮಳೆಗಾಲ ಕಳೆದ ಮೇಲೆ ಜ್ವರ ಬಂದು ಹೋದಳು. ಅದೇ ಮನೆಯಲ್ಲೇ. ಬಿಡಿಸುತ್ತೇವೆ ಎಂದವರಿಂದ ಬಿಡಿಸಲಾಗಲಿಲ್ಲ. ಹೆಣಕ್ಕೆ ನೀರು ಹಾಕುವ ಮೊದಲು ಕೊಕ್ಕೆ ಬಿಚ್ಚಿದವಳೂ ನಾನೇ. ಅವತ್ತು ಬೈಯಲಿಲ್ಲ.

ಮೊನ್ನೆ ಕೊಕ್ಕೆ ಒರೆಸಿ ಎಣ್ಣೆ ಹಚ್ಚಿದೆ. ನನ್ನ ಕತ್ತಿಯನ್ನು ಅದಕ್ಕೆ ಹಾಕಿ ನೋಡಿದೆ. ಅವಳದು ಅಗಲದ ಕತ್ತಿ, ನನ್ನದು ಅದರಲ್ಲಿ ನಿಲ್ಲದೆ ಲಟಪಟ ಅಲ್ಲಾಡಿತು. ತೆಗೆದೆ. ಕೊಕ್ಕೆಯನ್ನು ಖಾಲಿಯೇ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ್ದೇನೆ.